ಏಣಿ ಕೊಟ್ಟವರು ಫೋನನ್ನೂ ಕೊಡಲಿ

(ಮಳೆಗಾಲಕ್ಕೆ ಮುಂಚೆ ಸೋಮವಾರಪೇಟೆಯಲ್ಲಿ ಹೊರಗೆಲಸದವರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಮುಂದೆ ಕುರ್ಚಿ ಖಾಲಿ ಇವೆ.

ಇನ್ನು ಹದಿನೈದು ದಿನಕ್ಕೆ ಮಳೆ ಹಿಡಿಯುತ್ತದೆ. ಮಳೆ ಹಿಡಿದು ಒಂದು ವಾರ ಆಗುವಷ್ಟರಲ್ಲಿ ಸುಂಟಿಕೊಪ್ಪದ ನನ್ನ ಅಂಗಡಿ ಮುಂದೆ ಜನ ನಿಲ್ಲುತ್ತಾರೆ. ಹದಿನೇಳು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ, ಯಾರು ಬರುತ್ತಾರೆ ಅಂತ ನನಗೆ ಗೊತ್ತು. ಇಲ್ಲಿ ಕೂತಿರುವವರೇ. ಲೈನ್‌ಮ್ಯಾನ್‌ಗಳು, ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಆಶಾ ಅಕ್ಕಂದಿರು, ಕಾಡಿನ ವಾಚರ್‌ಗಳು, ಕುಶಾಲನಗರ ಕಡೆ ಕಾಫಿ ಕ್ಯೂರಿಂಗಿಗೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸಕ್ಕೆ, ಹೋಗುವವರು. ಕೊಡಗಿನ ಮಳೆಯಲ್ಲಿ ಮನೆಯೊಳಗೆ ಕೂರಲು ಆಗದ ಜನ. ಬಂದು ನಾಲ್ಕು ಮಾತು ಹೇಳಿ ಎಂದು ಕರೆದಾಗ ಅದಕ್ಕೇ ಕೂಡಲೇ ಒಪ್ಪಿಕೊಂಡೆ.

ಎಲ್ಲರೂ ನನ್ನ ಹತ್ತಿರ ಕೇಳುವುದು ಒಂದೇ: 'ಕಡಿಮೆ ದುಡ್ಡಿಗೆ ಗಟ್ಟಿ ಫೋನ್ ಯಾವುದು?' ರಗ್ಡ್ ಫೋನ್ ಅಂತ ಮಾರುತ್ತಾರಲ್ಲ, ರಬ್ಬರ್ ಅಂಚು, ಮೂಲೆಗೆ ಸ್ಕ್ರೂ, ಇಟ್ಟಿಗೆಯ ಹಾಗೆ ಭಾರ, ಅದು. ಅದಕ್ಕೆ ಉತ್ತರ ಹೇಳುತ್ತೇನೆ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಫೋನಿಗೆ ದುಡ್ಡು ಕೊಡಬೇಕಾದವರು ಯಾರು?

ಒಂದು ಘಟನೆ ಹೇಳುತ್ತೇನೆ. ಅಂಗಡಿಯಲ್ಲಿ ಇದನ್ನು ಕೇಳಿದವರು ಇಲ್ಲೂ ಇದ್ದೀರಿ, ಇನ್ನೊಂದು ಸಲ ಕೇಳಿ.

ಎರಡು ವರ್ಷದ ಹಿಂದೆ, ಅರೇಬಿಕಾ ಕುಯ್ಲಿನ ಸಮಯ. ಶುಕ್ರವಾರ ಸಂಜೆ ಒಬ್ಬರು ರೈಟರಣ್ಣ ಓಡಿ ಬಂದರು. ಕೈಯಲ್ಲಿ ಕಿತ್ತಳೆ ಅಂಚಿನ ದಪ್ಪ ಫೋನ್. ಆನ್‌ಲೈನ್‌ನಲ್ಲಿ ಕಂತಿನ ಮೇಲೆ ತರಿಸಿದ್ದು, ಇನ್ನೂ ನಾಲ್ಕು ಕಂತು ಬಾಕಿ. 'ವಾಟರ್‌ಪ್ರೂಫ್ ಅಂತ ಬರೆದಿದ್ದಾರೆ, ನೀರು ಹೋಗಿದೆ ನೋಡಿ' ಎಂದರು. ಮುಖದಲ್ಲಿ ಕೋಪಕ್ಕಿಂತ ಗಾಬರಿ ಜಾಸ್ತಿ ಇತ್ತು. ಯಾಕೆಂದರೆ ಮಾರನೇ ದಿನ ಶನಿವಾರ, ಬಟವಾಡೆ. ಆ ವಾರ ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಎಂಬ ಲೆಕ್ಕ ಪೂರ್ತಿ ಆ ಫೋನಿನಲ್ಲಿ. ಪುಸ್ತಕ ಬಿಡು, ಫೋನಿಗೆ ಹಾಕು ಎಂದು ತೋಟದವರೇ ಹೇಳಿದ್ದರಂತೆ.

ಕೂರಿಸಿ ಕಾಫಿ ಕೊಟ್ಟು ಕೇಳಿದೆ, ಏನಾಯ್ತಣ್ಣಾ? ಬುಧವಾರ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಹತ್ತಿರ ನಿಂತಿದ್ದಾಗ ಫೋನಿಗೆ ಹಣ್ಣಿನ ಲೋಳೆ ಮೆತ್ತಿಕೊಂಡಿತು. ಅಲ್ಲೇ ಇದ್ದ ಪೈಪ್ ಹಿಡಿದು ತೊಳೆದರು. ಪಲ್ಪರ್ ತೊಳೆಯುವ ಪೈಪು, ಎಷ್ಟು ಜೋರು ನೀರು ಅಂತ ನಿಮಗೆ ಗೊತ್ತು. 'ಒಂದೂವರೆ ಮೀಟರ್ ನೀರಿನಲ್ಲಿ ಮುಳುಗಿಸಬಹುದು ಅಂದ ಮೇಲೆ ಪೈಪ್ ನೀರು ಯಾವ ಲೆಕ್ಕ?' ಎಂದರು. ಅವರ ಯೋಚನೆಯಲ್ಲಿ ತಪ್ಪೇನಿದೆ? ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಗುರುವಾರ ಫೋನ್ ಒಂದು ಸಲ ಆನ್, ಒಂದು ಸಲ ಆಫ್. ಎರಡು ರಾತ್ರಿ ಹಾಗೇ ಚಾರ್ಜಿಗೆ ಹಾಕಿದರು. ಶುಕ್ರವಾರ ಪೂರ್ತಿ ನಿಂತಿತು.

ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಎತ್ತಿ ಲೆನ್ಸಿನ ಕೆಳಗೆ ಹಿಡಿದೆ. ರಬ್ಬರಿನ ಅಂಚಿಗೆ ಪಾರ್ಚ್‌ಮೆಂಟ್ ಹೊಟ್ಟಿನ, ಅಂದರೆ ಕಾಫಿ ಬೀಜದ ಮೇಲಿನ ಒಣ ಸಿಪ್ಪೆಯ, ಒಂದು ಚೂರು ಅಂಟಿಕೊಂಡಿತ್ತು. ಕತ್ತರಿಸಿ ಬಿಸಾಕಿದ ಉಗುರಿನಷ್ಟು, ಅದಕ್ಕಿಂತ ತೆಳು. ಕಣದಲ್ಲಿ ನಿಂತಾಗ ಹಾರಿ ಬಂದು ಕೂತಿರಬೇಕು. ಮುಚ್ಚಳ ಮುಚ್ಚಿದ ಹಾಗೇ ಕಾಣುತ್ತಿತ್ತು, ಆದರೆ ಆ ಚೂರಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು. ಒಳಗೆ ಪಿನ್ನುಗಳ ಮೇಲೆ ಹಸಿರು ನೀಲಿ ಬಣ್ಣದ ಕಿಲುಬು. ಗಿಡಕ್ಕೆ ಹೊಡೆಯುವ ಬೋರ್ಡೋ ಔಷಧಿ ಕಲಸಿದ ಡ್ರಮ್ಮಿನ ಅಂಚಿನಲ್ಲಿ ನೋಡುತ್ತೀರಲ್ಲ, ಹೆಚ್ಚುಕಮ್ಮಿ ಅದೇ ಬಣ್ಣ. ಅಲ್ಲಿರುವುದೂ ತಾಮ್ರ, ಇಲ್ಲಿರುವುದೂ ತಾಮ್ರ. ನೀರು ಮಾತ್ರ ಹೋಗಿದ್ದರೆ ಉಳಿಸಬಹುದಿತ್ತು. ನೀರಿನ ಜೊತೆ ಕರೆಂಟ್ ಸೇರಿತು, ಎರಡು ರಾತ್ರಿಯಲ್ಲಿ ಪಿನ್ನನ್ನು ತಿಂದು ಹಾಕಿತು.

ಈಗ ಪೆಟ್ಟಿಗೆಯ ಮೇಲಿನ ನಂಬರಿಗೆ ಬರೋಣ. ಐಪಿ 68 ಅಂತ ಇರುತ್ತದೆ. ಅದನ್ನು ಅರವತ್ತೆಂಟು ಅಂತ ಓದಬೇಡಿ. ಆರು ಬೇರೆ, ಎಂಟು ಬೇರೆ. ಮೊದಲ ಅಂಕಿ ಧೂಳಿಗೆ, 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. ಎರಡನೇ ಅಂಕಿ ನೀರಿಗೆ. 4 ಅಂದರೆ ಎರಚಿದ ನೀರು ತಡೆಯುತ್ತದೆ. 5 ಮತ್ತು 6 ಪೈಪಿನಿಂದ ಬರುವ ರಭಸದ ನೀರಿಗೆ. 7 ಅಂದರೆ ನಿಂತ ನೀರಿನಲ್ಲಿ 1 ಮೀಟರ್ ಆಳ, 30 ನಿಮಿಷ. 8 ಅಂದರೆ ಅದಕ್ಕಿಂತ ಜಾಸ್ತಿ, ಎಷ್ಟು ಆಳ, ಎಷ್ಟು ಹೊತ್ತು ಅಂತ ಕಂಪನಿಯೇ ಹೇಳಬೇಕು. 9 ಅಂದರೆ ಹತ್ತಿರದಿಂದ ಹೊಡೆಯುವ 80 ಡಿಗ್ರಿ ಬಿಸಿ ನೀರು. ಇದರಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. 8 ಪಾಸಾದ ಫೋನ್ 6ರಲ್ಲೂ ಪಾಸು ಅಂತ ಅಲ್ಲ. ಮುಳುಗುವುದು ಬೇರೆ ಪರೀಕ್ಷೆ, ಪೈಪಿನ ಏಟು ಬೇರೆ ಪರೀಕ್ಷೆ. ಎರಡನ್ನೂ ತಡೆಯುತ್ತದೆ ಎಂದು ಹೇಳಬೇಕಾದರೆ ಎರಡು ನಂಬರನ್ನೂ ಬರೆಯಬೇಕು. ರೈಟರಣ್ಣನ ಪೆಟ್ಟಿಗೆಯಲ್ಲಿ ಒಂದೇ ಇತ್ತು.

ಇನ್ನೊಂದು. ಪರೀಕ್ಷೆ ಮಾಡುವುದು ಹೊಸ ಫೋನನ್ನು, ಅದೂ ಸಿಹಿನೀರಿನಲ್ಲಿ. ಸೋಪಿನ ನೀರಿಗೆ, ಹಣ್ಣಿನ ಲೋಳೆಗೆ, ಬೋರ್ಡೋಗೆ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ರಬ್ಬರಿಗೂ ವಯಸ್ಸಾಗುತ್ತದೆ. ಮತ್ತೆ ಐಪಿ 68 ಇದ್ದರೂ ನೀರು ಹೋದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಸಿಮ್ ಟ್ರೇ ಹತ್ತಿರ ಎಷ್ಟೋ ಫೋನಿನಲ್ಲಿ ಸಣ್ಣ ಬಿಳಿ ಚೀಟಿ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದೇ ಅದನ್ನು.

ಆ ಬಟವಾಡೆ ಏನಾಯಿತು ಅಂತ ಕೇಳಲಿಲ್ಲವಲ್ಲ ನೀವು? ಕುಯ್ಲಿನವರಲ್ಲಿ ಒಬ್ಬರು ಅಕ್ಕ ಇದ್ದರು. ಓದು ಬರಹ ಇಲ್ಲ. ಹತ್ತು ಕೆಜಿ ತೂಗಿದಾಗಲೆಲ್ಲ ಒಂದು ಕಾಳು ಮೆಣಸನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಶನಿವಾರ ಅದನ್ನು ಮೇಜಿನ ಮೇಲೆ ಸುರಿದರು. ಒಂದೊಂದಾಗಿ ಎಣಿಸಿ ಅವರಿಗೆ ಸಂಬಳ ಆಯಿತು. ಉಳಿದವರಿಗೆ ಅಂದಾಜಿನ ಮೇಲೆ ಕೊಟ್ಟರು. ಅಂದಾಜು ಯಾರ ಕಡೆಗೆ ವಾಲುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾ? ರೈಟರಣ್ಣ ಸತ್ತ ಫೋನಿಗೆ ನಾಲ್ಕು ತಿಂಗಳು ಕಂತು ಕಟ್ಟಿದರು. ತೋಟದ ಲೆಕ್ಕ, ತೋಟದ ಕೆಲಸ, ತೋಟದ ಪಲ್ಪರ್. ಫೋನ್ ಮಾತ್ರ ಅವರದು.

ಇದು ನನಗೆ ಸಹಿಸಲು ಆಗುವುದಿಲ್ಲ. ಮೆಣಸು ಕುಯ್ಯಲು ಏಣಿ ಕೊಡುತ್ತಾರೆ. ಔಷಧಿ ಹೊಡೆಯಲು ಪಂಪ್ ಕೊಡುತ್ತಾರೆ, ಕಾಫಿ ಒಣಗಿಸಲು ಟಾರ್ಪಾಲು ಕೊಡುತ್ತಾರೆ. ನಿನ್ನ ಮನೆಯಿಂದ ಏಣಿ ತಾ ಅಂತ ಯಾರೂ ಹೇಳುವುದಿಲ್ಲ. ಹಾಗಾದರೆ ಫೋನ್ ಯಾಕೆ ನಮ್ಮ ಮನೆಯಿಂದ ಬರಬೇಕು? ಹಾಜರಿ ಫೋನಿನಲ್ಲಿ, ಲೆಕ್ಕ ಫೋನಿನಲ್ಲಿ, ಫೋಟೊ ಫೋನಿನಲ್ಲಿ. ನರೇಗಾದಲ್ಲಿ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಕೆಲಸದ ಜಾಗದಿಂದಲೇ ಆಪ್‌ನಲ್ಲಿ ಫೋಟೊ ಹಾಕುವುದು ಕಡ್ಡಾಯವಾಯಿತು. ಕೂಲಿ ಗುಂಪಿನ ಹಾಜರಿ ನೋಡಿಕೊಳ್ಳುವ ಕಾಯಕ ಬಂಧುಗಳು ಮಳೆಯಲ್ಲಿ ಫೋನ್ ಮೇಲೆ ಕೊಡೆ ಹಿಡಿದು ತಾವು ನೆನೆಯುವುದನ್ನು ನಾನೇ ನೋಡಿದ್ದೇನೆ. ನಾಗರಹೊಳೆಯಲ್ಲಿ ಗಸ್ತು ಹೋಗುವವರು ಎಂ-ಸ್ಟ್ರೈಪ್ಸ್ ಆಪ್‌ನಲ್ಲಿ ನಡೆದ ದಾರಿ, ಕಂಡ ಹೆಜ್ಜೆ ಗುರುತು ಎಲ್ಲ ದಾಖಲಿಸಬೇಕು. ಅಂದ ಮೇಲೆ ಫೋನ್ ಈಗ ಶೋಕಿ ಸಾಮಾನಲ್ಲ. ಹತ್ಯಾರು.

ಎರಡು ಮೂರು ಎಕರೆ ಇಟ್ಟುಕೊಂಡವರಿಗೆ ನಾನು ಈ ಮಾತು ಹೇಳುತ್ತಿಲ್ಲ. ಅವರೇ ರೈಟರ್, ಅವರೇ ಮೇಸ್ತ್ರಿ, ಅವರ ಕಷ್ಟ ಅವರಿಗೆ. ಆದರೆ ಕಳೆ ಹೊಡೆಯಲು ಒಳ್ಳೆ ಮೆಷಿನ್ ಮೇಲೆ ಮೆಷಿನ್ ತರುವ ತೋಟಗಳಿವೆ. ಅಂಥ ಒಂದು ಮೆಷಿನ್ ದುಡ್ಡಿಗೆ ಒಂದು ಒಳ್ಳೆ ಗಟ್ಟಿ ಫೋನ್ ಬರುತ್ತದೆ.

ಸರಿ, ಬೀಳುವ ವಿಷಯ. ಮಿಲಿಟರಿ ಗ್ರೇಡ್ ಅಂತ ಬರೆಯುತ್ತಾರೆ, ಮಿಲ್-ಸ್ಟ್ಯಾಂಡರ್ಡ್ 810ಎಚ್ ಅಂತ. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷೆ ಪುಸ್ತಕ, 'ಎಚ್' ಆವೃತ್ತಿ 2019ರದು. ಆ ಇಲಾಖೆ ಯಾವ ಫೋನಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಪುಸ್ತಕದಲ್ಲಿ ಹತ್ತಾರು ಪರೀಕ್ಷೆಗಳಿವೆ. ಕಂಪನಿ ತನಗೆ ಬೇಕಾದ್ದನ್ನು ಆರಿಸಿಕೊಂಡು ಮಾಡಿಸಿ ಬರೆದುಕೊಳ್ಳುತ್ತದೆ. ಬೀಳಿಸುವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ. ಆ 26 ಏಟನ್ನು ಐದು ಫೋನ್‌ಗಳಿಗೆ ಹಂಚಲೂಬಹುದು. 122 ಸೆಂಟಿಮೀಟರ್ ಅಂದರೆ ನಾಲ್ಕು ಅಡಿ, ನಿಮ್ಮ ಅಂಗಿ ಜೇಬು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಏಣಿಯ ಮೇಲೆ ನಿಂತವರ ಜೇಬು ನೆಲದಿಂದ ಎಷ್ಟು ಅಡಿ? ಕಂಬ ಹತ್ತಿದ ಲೈನ್‌ಮ್ಯಾನ್ ಜೇಬು? ಅಲ್ಲಿಂದ ಬಿದ್ದರೆ ಯಾವ ಸ್ಟಿಕ್ಕರೂ ಕಾಯುವುದಿಲ್ಲ. ಫೋನಿಗೆ ಒಂದು ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಕೆಲವು ಗಟ್ಟಿ ಫೋನಿನ ಮೂಲೆಯಲ್ಲಿ ದಾರಕ್ಕೆಂದೇ ತೂತಿದೆ. ಪೆಟ್ಟಿಗೆಯ ಮೇಲಿನ ಎಲ್ಲ ಅಕ್ಷರಗಳಿಗಿಂತ ಆ ತೂತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಚೀಟಿ ಬಂತು, ಹತ್ತು ನಿಮಿಷ ಇದೆಯಂತೆ. ಹಾಗಾದರೆ ಯಾವುದು ಕೊಳ್ಳಬೇಕು ಅಂತ ಹೇಳಿಬಿಡುತ್ತೇನೆ.

ಮೊದಲು ಸಿಗ್ನಲ್ ನೋಡಿ. ಹೊರದೇಶದಿಂದ ತರಿಸುವ ಅಗ್ಗದ ಗಟ್ಟಿ ಫೋನ್‌ಗಳಲ್ಲಿ ನಮ್ಮ ದೇಶದ ಸಿಗ್ನಲ್ ಬ್ಯಾಂಡ್‌ಗಳು ಎಲ್ಲ ಇರುತ್ತವೆ ಅಂತ ನಂಬಬೇಡಿ. ಕೊಡಗು ಪೂರ್ತಿ ಗುಡ್ಡ, ಹಳ್ಳ, ಮರ. ಇಲ್ಲಿ ದೂರ ಹೋಗುವುದು ಕಡಿಮೆ ಮೆಗಾಹರ್ಟ್ಸಿನ ಸಿಗ್ನಲ್. ಫೋನಿನ ವಿವರದಲ್ಲಿ ಬ್ಯಾಂಡ್ 5, 8, 28 ಇದೆಯಾ ನೋಡಿ. ಅಂದರೆ 850, 900, 700 ಮೆಗಾಹರ್ಟ್ಸ್. ಬಿಎಸ್‌ಎನ್‌ಎಲ್ 4ಜಿ ಬೇಕು ಅನ್ನುವವರಿಗೆ 28 ಇರಲೇಬೇಕು. ಜಿಯೋ ಸಿಮ್ ಇರುವವರು ವೋಲ್ಟಿ, ಅಂದರೆ 4ಜಿ ನೆಟ್ ಮೇಲೆಯೇ ಕರೆ ಹೋಗುವ ಸೌಲಭ್ಯ, ಕೆಲಸ ಮಾಡುತ್ತದಾ ಅಂತ ಕೇಳಿ, ಇಲ್ಲದಿದ್ದರೆ ನೆಟ್ ಇದ್ದರೂ ಮಾಮೂಲಿ ಕರೆ ಹೋಗುವುದಿಲ್ಲ. ಗಾಳಿಬೀಡಿನ ಇಳಿಜಾರಿನಲ್ಲಿ ಒಬ್ಬರೇ ಇದ್ದಾಗ ಆನೆ ಬಂತು, ಕರೆ ಹೋಗಲಿಲ್ಲ ಅಂದರೆ ಆ ಫೋನ್ ನೂರು ಸಲ ಬಿದ್ದು ಉಳಿದರೂ ಏನು ಬಂತು?

ಎರಡನೆಯದು, ಬಿಡಿಭಾಗ. ಕ್ಯಾಟ್ ಅಂತ ಹೆಸರು ಹಾಕಿ ಗಟ್ಟಿ ಫೋನ್ ಮಾಡುತ್ತಿದ್ದ ಬುಲಿಟ್ ಎಂಬ ಬ್ರಿಟನ್ನಿನ ಕಂಪನಿ 2024ರಲ್ಲಿ ಬಾಗಿಲು ಹಾಕಿತು. ಅಷ್ಟು ಹೆಸರು ಮಾಡಿದ ಕಂಪನಿಗೇ ಹಾಗಾಯಿತು. ಹೆಸರೇ ಕೇಳದ ಕಂಪನಿಯ ಡಿಸ್‌ಪ್ಲೇ ನಾನು ಎಲ್ಲಿಂದ ತರಲಿ? ಮೈಸೂರಿನಲ್ಲಾದರೂ ಸರ್ವಿಸ್ ಇರುವುದನ್ನು ಕೊಳ್ಳಿ.

ಮೂರನೆಯದು, ನಿಮ್ಮ ಸ್ವಂತ ದುಡ್ಡಾದರೆ ಸುಮ್ನೆ ಇಪ್ಪತ್ತು ಇಪ್ಪತ್ತೈದು ಸಾವಿರ ಹಾಕಬೇಡಿ. ಹತ್ತು ಹದಿನೈದು ಸಾವಿರದ ಒಳಗೆ ಐಪಿ 64 ಇರುವ ಮಾಮೂಲಿ ಫೋನ್, ಮೂಲೆ ದಪ್ಪ ಇರುವ ಕವರ್, ಮಳೆಗೆ ಒಂದು ಜಿಪ್ ಚೀಲ. ರೈಟರ್‌ಗಳಿಗೆ, ಆಶಾ ಅಕ್ಕಂದಿರಿಗೆ ಇದು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಲೈನ್‌ಮ್ಯಾನ್, ವಾಚರ್, ಕ್ಯೂರಿಂಗ್ ಧೂಳಿನಲ್ಲಿ ನಿಲ್ಲುವವರು, ಇವರಿಗೆ ನಿಜವಾದ ಗಟ್ಟಿ ಫೋನ್ ಬೇಕು. ಸ್ಯಾಮ್‌ಸಂಗ್ ಎಕ್ಸ್‌ಕವರ್ 7 ಅಂತ 2024ರಲ್ಲಿ ನಮ್ಮ ದೇಶಕ್ಕೆ ಬಂತು, ಆಗ ಬೆಲೆ 27 ಸಾವಿರದ ಆಸುಪಾಸು. ಬ್ಯಾಟರಿಯನ್ನು ಕೈಯಲ್ಲೇ ಬಿಚ್ಚಿ ಬದಲಿಸಬಹುದು. ಅಂಥದ್ದು ಬೇಕು. ಆದರೆ ಅದನ್ನು ನೀವು ಕೊಳ್ಳಬಾರದು. ಏಣಿ ಕೊಟ್ಟವರು ಕೊಳ್ಳಬೇಕು.

ಜಿಪಿಎಸ್ ಬಗ್ಗೆ ಬರೆದುಕೊಂಡು ಬಂದಿದ್ದೆ, ಹೊತ್ತಿಲ್ಲ. ಮರದ ನೆರಳಿನಲ್ಲಿ ತಪ್ಪು ತೋರಿಸುತ್ತದೆ, ಉಪಗ್ರಹದ ಎರಡು ಸಿಗ್ನಲ್, ಎಲ್1 ಜೊತೆ ಎಲ್5, ಹಿಡಿಯುವ ಫೋನ್ ಇದ್ದರೆ ವಾಸಿ, ಅಷ್ಟು ನೆನಪಿಡಿ. ಬ್ಯಾಟರಿ ಬಗ್ಗೆ ಒಂದೇ ಮಾತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಇಲ್ಲಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಜೋರು ಮಳೆ ಇದ್ದ ದಿನ ರಾತ್ರಿ ಮಲಗುವ ಮುಂಚೆ ಫೋನೂ ಪವರ್ ಬ್ಯಾಂಕೂ ತುಂಬಿರಲಿ.

ಫೋನ್ ನೆನೆದರೆ ಏನು ಮಾಡಬೇಕು, ಇದನ್ನು ಮಾತ್ರ ಬಿಡುವುದಿಲ್ಲ. ಕೂಡಲೇ ಆಫ್ ಮಾಡಿ. ಸರಿ ಇದೆಯಾ ಅಂತ ಆನ್ ಮಾಡಿ ನೋಡಬೇಡಿ. ಚಾರ್ಜಿಗೆ ಹಾಕಲೇಬೇಡಿ. ಸಿಮ್ ಟ್ರೇ ತೆಗೆದು, ಚಾರ್ಜಿಂಗ್ ತೂತು ಕೆಳಗೆ ಬರುವ ಹಾಗೆ ನಿಲ್ಲಿಸಿ, ಫ್ಯಾನ್ ಗಾಳಿಗೆ ಇಡಿ. ಅಕ್ಕಿಯಲ್ಲಿ ಹೂತಿಡಬೇಡಿ. ಅಕ್ಕಿ ನೀರು ಎಳೆಯುವುದಕ್ಕಿಂತ ಅದರ ಹುಡಿ ತೂತಿಗೆ ಸೇರುವುದೇ ಜಾಸ್ತಿ. ಅಕ್ಕಂದಿರೇ, ಒಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ. ಮೀನು, ಮಾಂಸ ಒಣಗಲು ಆ ಜಾಗ ಸರಿ. ಫೋನಿನ ಅಂಟು ಆ ಬಿಸಿಗೆ ಬಿಡುತ್ತದೆ, ಬ್ಯಾಟರಿ ಉಬ್ಬುತ್ತದೆ. ಆಮೇಲೆ ಆದಷ್ಟು ಬೇಗ ಅಂಗಡಿಗೆ ತನ್ನಿ. ನನ್ನದೇ ಆಗಬೇಕಾಗಿಲ್ಲ. ಬಿಚ್ಚಿದ ಮೇಲೆ ಹೊಸ ಗಮ್ಮು, ಹೊಸ ರಬ್ಬರ್ ಹಾಕಿಸಿಕೊಳ್ಳಿ. ಒಂದು ಸಲ ಬಿಚ್ಚಿ ಹಾಗೇ ಮುಚ್ಚಿದ ಐಪಿ 68 ಫೋನ್ ಆಮೇಲೆ ಮಾಮೂಲಿ ಫೋನೇ.

ಮುಗಿಸುತ್ತೇನೆ. ಆ ಮೂಲೆಯ ಮೇಜಿನ ಮೇಲೆ ಲೆನ್ಸು, ಹಳೇ ಹಲ್ಲುಜ್ಜುವ ಬ್ರಶ್ಶು, ಒಂದಷ್ಟು ರಬ್ಬರ್ ಮುಚ್ಚಳ ಇಟ್ಟಿದ್ದೇನೆ. ಮುಚ್ಚಳ ಇರುವ ಫೋನ್ ಯಾರದಿದ್ದರೂ ತನ್ನಿ, ಅಂಚು ನೋಡಿ ಸ್ವಚ್ಛ ಮಾಡಿ ಕೊಡುತ್ತೇನೆ, ದುಡ್ಡು ಬೇಡ. ಪಕ್ಕದಲ್ಲಿ ಒಂದು ಅರ್ಜಿಯೂ ಇದೆ. ಕೆಲಸ ಕೊಡುವವರಿಗೆ ಬರೆದದ್ದು. ಏಣಿ, ಪಂಪು, ಟಾರ್ಪಾಲು ಬರೆಯುವ ಸಾಮಾನು ಪುಸ್ತಕದಲ್ಲಿ ಫೋನಿಗೂ ಒಂದು ಸಾಲು ಇರಲಿ, ಹಾಳಾದರೆ ರಿಪೇರಿ ಖರ್ಚು ಅವರದೇ ಇರಲಿ ಅಂತ. ಆ ರೈಟರಣ್ಣ ಮೊದಲ ಸಹಿ ಹಾಕಿದ್ದಾರೆ. ಓದಿ ನೋಡಿ, ಸರಿ ಅನ್ನಿಸಿದರೆ ಅದರ ಕೆಳಗೆ ನೀವೂ ಹಾಕಿ. ಮಡಿಕೇರಿ ಬಸ್ಸಿಗೆ ಹೋಗುವವರು ಮೊದಲು ಬನ್ನಿ.