ಪ್ರೈಮರಿಯಲ್ಲಿ ಯಾರಿಗೆ ಮತ? ಮೊದಲು ನಿಮ್ಮ ರಾಜ್ಯದ ನಿಯಮ ನೋಡಿ

ನಮಸ್ಕಾರ. ಪ್ರೈಮರಿ ಅಂದ್ರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ಆರಿಸೋ ಚುನಾವಣೆ. ಪರದೆ ಮೇಲೆ ಕಾಣ್ತಿರೋದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಅಧ್ಯಕ್ಷೀಯ ಪ್ರೈಮರಿಯ ಮತಪತ್ರ ವಾಪಸ್ ಕಳಿಸೋ ಲಕೋಟೆ. ಬೆಲ್‌ವ್ಯೂ, ರೆಡ್ಮಂಡ್ ಕಡೆಯ ಕನ್ನಡಿಗರಿಗೆ ಇದರ ಪರಿಚಯ ಇರುತ್ತೆ. ಇದರ ಮೇಲೆ ಎರಡು ಚೌಕ ಇವೆ: ಒಂದು ಡೆಮಾಕ್ರಟಿಕ್, ಇನ್ನೊಂದು ರಿಪಬ್ಲಿಕನ್. ಯಾವುದಾದ್ರೂ ಒಂದಕ್ಕೆ ಗುರುತು ಹಾಕಲೇಬೇಕು. ಎರಡನ್ನೂ ಖಾಲಿ ಬಿಟ್ಟರೆ, ಎರಡಕ್ಕೂ ಹಾಕಿದರೆ, ಅಥವಾ ಹೊರಗೆ ಒಂದು ಪಕ್ಷ ಗುರುತಿಸಿ ಒಳಗೆ ಇನ್ನೊಂದು ಪಕ್ಷದವರಿಗೆ ಮತ ಹಾಕಿದರೆ, ಅದು ಎಣಿಕೆಗೆ ಸೇರಲ್ಲ. ಯಾರಿಗೆ ಹಾಕಿದ್ರಿ ಅನ್ನೋದು ಗುಟ್ಟು, ಆದರೆ ಯಾವ ಪಕ್ಷದ ಚೌಕ ಅನ್ನೋದು ಸಾರ್ವಜನಿಕ ದಾಖಲೆ. ಇದಕ್ಕೆ ಮುಜುಗರಪಟ್ಟು ಚೌಕ ಖಾಲಿ ಬಿಟ್ಟರೆ ಮತ ಹೋಯ್ತು, ಅಷ್ಟೇ.

ಯಾರು ಒಳ್ಳೆಯವರು, ಯಾರು ಗೆಲ್ತಾರೆ ಅಂತ ಗಂಟೆಗಟ್ಟಲೆ ಚರ್ಚೆ ಮಾಡೋರು ಕೂಡ ಈ ಚೌಕದ ಹತ್ತಿರ ಎಡವುತ್ತಾರೆ. ಅದಕ್ಕೇ ಅಭ್ಯರ್ಥಿಗಿಂತ ಮೊದಲು ನಿಯಮ ನೋಡೋಣ.

ನ್ಯೂಯಾರ್ಕ್‌ನಲ್ಲಿ ಪ್ರೈಮರಿ ಮುಚ್ಚಿದ ಬಾಗಿಲು. ಆ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಮತ, ಪಕ್ಷ ಬದಲಾಯಿಸಬೇಕಂದ್ರೆ ಫೆಬ್ರವರಿ 14ರೊಳಗೆ ಅರ್ಜಿ ತಲುಪಿರಬೇಕು. ಟೆಕ್ಸಾಸ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಮತಗಟ್ಟೆಯಲ್ಲಿ ಯಾವ ಪಕ್ಷದ ಮತಪತ್ರ ಬೇಕು ಅಂತ ಹೇಳಿದರಾಯ್ತು. ಗೊಂದಲ ಇರೋದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಯಾವ ಪಕ್ಷಕ್ಕೂ ಸೇರದವರಿಗೆ ಅಂಚೆಯಲ್ಲಿ ಬರೋ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಸಾಲೇ ಇರಲ್ಲ. ಡೆಮಾಕ್ರಟಿಕ್ ಮತಪತ್ರ ಬೇಕಿದ್ರೆ ಮುಂಚೆಯೇ ಕೇಳಿ ತರಿಸಿಕೊಳ್ಳಬೇಕು. 2020ರಲ್ಲೂ 2024ರಲ್ಲೂ ಡೆಮಾಕ್ರಟಿಕ್ ಪಕ್ಷ ಇದಕ್ಕೆ ಅವಕಾಶ ಕೊಟ್ಟಿತ್ತು, ರಿಪಬ್ಲಿಕನ್ ಪಕ್ಷ ಕೊಟ್ಟಿರಲಿಲ್ಲ. ಎಡವೋ ಜಾಗ ಇನ್ನೊಂದಿದೆ: 'ಅಮೆರಿಕನ್ ಇಂಡಿಪೆಂಡೆಂಟ್' ಅನ್ನೋ ಹೆಸರಿನ ಪ್ರತ್ಯೇಕ ಪಕ್ಷವೇ ಅಲ್ಲಿದೆ. ಸ್ವತಂತ್ರ ಮತದಾರ ಅಂದುಕೊಂಡು ಅದಕ್ಕೆ ಟಿಕ್ ಹಾಕಿದವರು ತಿಳಿಯದೆಯೇ ಒಂದು ಪಕ್ಷದ ಸದಸ್ಯರಾಗಿರುತ್ತಾರೆ. ಕೌಂಟಿಯ ವೆಬ್‌ಸೈಟ್‌ನಲ್ಲಿ ನಿಮ್ಮ ನೋಂದಣಿ ತೆಗೆದು ನೋಡಿ, ಎರಡು ನಿಮಿಷದ ಕೆಲಸ.

ಇದೆಲ್ಲ ಸಿಟಿಜನ್ ಆದವರಿಗೆ. ಗ್ರೀನ್ ಕಾರ್ಡ್, ಎಚ್-1ಬಿ ಇರೋರು ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆಗೆ ಕೈತಪ್ಪಿಯೂ ಹೌದು ಅನ್ನಬೇಡಿ, ಗಡೀಪಾರಿನವರೆಗೂ ಹೋಗಬಹುದು. ದೇಣಿಗೆ ವಿಚಾರದಲ್ಲಿ ಗ್ರೀನ್ ಕಾರ್ಡ್‌ನವರು ಕೊಡಬಹುದು, ಎಚ್-1ಬಿಯವರು ಒಂದು ಡಾಲರ್ ಕೂಡ ಕೊಡೋ ಹಾಗಿಲ್ಲ.

ಈಗ ಲೆಕ್ಕ. ಪ್ರೈಮರಿಯಲ್ಲಿ ನಿಮ್ಮ ಮತ ಪಕ್ಷದ ಮಹಾಧಿವೇಶನಕ್ಕೆ ಹೋಗಿ ಅಭ್ಯರ್ಥಿಯನ್ನ ಆರಿಸೋ ಪ್ರತಿನಿಧಿಗಳಾಗಿ ಬದಲಾಗುತ್ತೆ, ಅಲ್ಲಿ ಡೆಲಿಗೇಟ್ ಅಂತಾರಲ್ಲ, ಅವರು. ಡೆಮಾಕ್ರಟಿಕ್ ಪಕ್ಷದಲ್ಲಿ 15 ಶೇಕಡಾ ಅನ್ನೋ ಗೆರೆ ಇದೆ. ರಾಜ್ಯಮಟ್ಟದಲ್ಲಿ ಒಮ್ಮೆ, ಪ್ರತಿ ಕಾಂಗ್ರೆಸ್ ಕ್ಷೇತ್ರದಲ್ಲಿ (ಕಾಂಗ್ರೆಸ್ ಅಂದ್ರೆ ಅಲ್ಲಿನ ಸಂಸತ್ತು) ಮತ್ತೊಮ್ಮೆ ಅದನ್ನ ಅಳೀತಾರೆ. ಒಂದು ಕ್ಷೇತ್ರದಲ್ಲಿ 6 ಪ್ರತಿನಿಧಿಗಳಿದ್ದಾರೆ ಅಂದ್ಕೊಳ್ಳಿ. ಒಬ್ಬರಿಗೆ ಶೇ. 36, ಇನ್ನೊಬ್ಬರಿಗೆ 24, ಮೂರನೆಯವರಿಗೆ 14, ಉಳಿದದ್ದು ಚಿಲ್ಲರೆ. ಗೆರೆ ದಾಟಿದ ಇಬ್ಬರ ಮಧ್ಯೆ ಮಾತ್ರ ಹಂಚಿಕೆ: 3.6 ಮತ್ತು 2.4, ಅಂದ್ರೆ 4 ಮತ್ತು 2. ಶೇ. 14 ಪಡೆದವರಿಗೆ ಸೊನ್ನೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಮಾರ್ಚ್ 3ರಂದು ಆಗಿದ್ದು ಇದೇ. ಸ್ಯಾಂಡರ್ಸ್‌ಗೆ ಶೇ. 36, ಬೈಡನ್‌ಗೆ ಹತ್ತಿರ ಹತ್ತಿರ 28, ವಾರನ್‌ಗೆ 13, ಬ್ಲೂಮ್‌ಬರ್ಗ್‌ಗೆ 12. ರಾಜ್ಯಮಟ್ಟದ ಪಾಲಿನಲ್ಲಿ ಕೊನೆಯ ಇಬ್ಬರಿಗೆ ಏನೂ ಸಿಗಲಿಲ್ಲ, 15 ದಾಟಿದ ಕೆಲವೇ ಕ್ಷೇತ್ರಗಳಲ್ಲಿ ಬಿಡಿ ಪ್ರತಿನಿಧಿಗಳು ದಕ್ಕಿದರು.

ರಿಪಬ್ಲಿಕನ್ ಪಕ್ಷದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. 2016ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್‌ಗೆ ಬಂದದ್ದು ಶೇ. 32.5. ರೂಬಿಯೊ, ಕ್ರೂಜ್ ಇಬ್ಬರದ್ದೂ ಸೇರಿದರೆ 44ಕ್ಕೂ ಹೆಚ್ಚು. ಆದರೆ 50ಕ್ಕೆ 50 ಪ್ರತಿನಿಧಿಗಳೂ ಟ್ರಂಪ್ ಪಾಲಾದರು, ಯಾಕಂದ್ರೆ ರಾಜ್ಯದಲ್ಲೂ ಪ್ರತಿ ಕ್ಷೇತ್ರದಲ್ಲೂ ಮೊದಲು ಬಂದವರಿಗೇ ಪೂರ್ತಿ. ಹೀಗಿರೋ ರಾಜ್ಯದಲ್ಲಿ ಎರಡನೇ ಮೂರನೇ ಸ್ಥಾನದವರಿಗೆ ಹಾಕಿದ ಮತ ಹೆಸರಿಗಷ್ಟೇ. ಅನುಪಾತದ ಹಂಚಿಕೆ ಇರೋ ರಾಜ್ಯದಲ್ಲಾದರೆ ಮನಸ್ಸಿಗೆ ಹತ್ತಿರವಾದವರಿಗೇ ಧೈರ್ಯವಾಗಿ ಹಾಕಿ, ಗೆರೆ ದಾಟೋ ಹಾಗಿದ್ರೆ ಸಾಕು.

ಎಲ್ಲಿ ಹಾಕಿದರೆ ಲೆಕ್ಕಕ್ಕೆ ಬರುತ್ತೆ ಅನ್ನೋದನ್ನೂ ಕೇಳಬೇಕು. ನೆವಾಡಾದಲ್ಲಿ 2024ರ ಫೆಬ್ರವರಿ 6ರಂದು ಸರ್ಕಾರ ನಡೆಸಿದ ಪ್ರೈಮರಿ ಇತ್ತು, 8ಕ್ಕೆ ರಿಪಬ್ಲಿಕನ್ ಪಕ್ಷದ್ದೇ ಕಾಕಸ್, ಅಂದ್ರೆ ಪಕ್ಷದವರು ಸಭೆ ಸೇರಿ ಆರಿಸೋದು. ಪ್ರತಿನಿಧಿಗಳು ಸಿಗೋದು ಕಾಕಸ್‌ನಲ್ಲಿ ಮಾತ್ರ ಅಂತ ಪಕ್ಷ ಹೇಳಿತ್ತು. ನಿಕ್ಕಿ ಹೇಲಿ ಪ್ರೈಮರಿಗೆ ನಿಂತರು, ಟ್ರಂಪ್ ಕಾಕಸ್‌ಗೆ. ಪ್ರೈಮರಿಯಲ್ಲಿ ಹೇಲಿ ಅವರಿಗಿಂತ 'ಇವರಾರೂ ಬೇಡ' ಅನ್ನೋ ಸಾಲಿಗೇ ಹೆಚ್ಚು ಮತ ಬಿತ್ತು, ನಮ್ಮ ನೋಟಾ ಇದ್ದ ಹಾಗೆ. ಅವರು ಅಲ್ಲಿ ಗೆದ್ದಿದ್ದರೂ ಒಬ್ಬ ಪ್ರತಿನಿಧಿಯೂ ಸಿಗ್ತಿರಲಿಲ್ಲ.

ಇನ್ನು ಅಭ್ಯರ್ಥಿಗಳ ನಡುವೆ ಆರಿಸೋದು. ಒಂದೇ ಪಕ್ಷದವರು ಬಹುತೇಕ ವಿಷಯಗಳಲ್ಲಿ ಒಂದೇ ರಾಗ ಹಾಡ್ತಾರೆ, ಆದ್ದರಿಂದ ವ್ಯತ್ಯಾಸ ಇರೋ ಮೂರ್ನಾಲ್ಕು ವಿಷಯಗಳನ್ನಷ್ಟೇ ಹೆಕ್ಕಿ. ಆಮೇಲೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನ ಅಧ್ಯಕ್ಷರು ತಾವೇ ಮಾಡಬಹುದಾ, ಕಾಂಗ್ರೆಸ್ ಒಪ್ಪಬೇಕಾ? ನಮ್ಮವರ ಮನೆಗಳಲ್ಲಿ ಹೆಚ್ಚು ಮಾತಾಗೋ ವೀಸಾ ವಿಷಯವನ್ನೇ ತಗೊಳ್ಳಿ. ಎಚ್-4 ವೀಸಾದಲ್ಲಿರೋ ಎಚ್-1ಬಿಯವರ ಸಂಗಾತಿಗಳಿಗೆ ಕೆಲಸದ ಪರವಾನಗಿ ಬಂದದ್ದು 2015ರಲ್ಲಿ, ಒಬಾಮ ಆಡಳಿತದ ನಿಯಮದ ಮೂಲಕ. ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಅಂತ 2025ರ ಸೆಪ್ಟೆಂಬರ್‌ನಲ್ಲಿ ಹೊರಟದ್ದು ಟ್ರಂಪ್ ಅವರ ಘೋಷಣೆ. ಎರಡಕ್ಕೂ ಕಾಂಗ್ರೆಸ್ ಮತ ಹಾಕಿಲ್ಲ. ಆದರೆ ಗ್ರೀನ್ ಕಾರ್ಡ್‌ನಲ್ಲಿ ಒಂದು ದೇಶಕ್ಕೆ ಶೇ. 7 ಅನ್ನೋ ಮಿತಿ ಕಾನೂನಿನಲ್ಲೇ ಇದೆ. ಅದನ್ನ ತೆಗೆಯೋಕೆ ಎರಡೂ ಸದನ ಒಪ್ಪಬೇಕು, ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕೋಕೇ ಸಾಮಾನ್ಯವಾಗಿ 60 ಸದಸ್ಯರು ಬೇಕು. 'ಮೊದಲ ದಿನವೇ ಬ್ಯಾಕ್‌ಲಾಗ್ ತೆಗೀತೀನಿ' ಅಂತ ಯಾರಾದ್ರೂ ಅಂದ್ರೆ ಆ 60 ಎಲ್ಲಿಂದ ತರ್ತೀರಿ ಅಂತ ಕೇಳಿ. ಆ ಮಾತು ಹೇಳ್ತಿರೋರು ಸೆನೆಟರ್ ಆಗಿದ್ದರೆ ಹೇಗೆ ಮತ ಹಾಕಿದ್ದರು ಅನ್ನೋದು ಸೆನೆಟ್‌ನ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಭಾಷಣಕ್ಕಿಂತ ಅದೇ ನಂಬಿಕೆಗೆ ಯೋಗ್ಯ.

ಯಾರು ಗೆಲ್ಲಬಲ್ಲರು ಅನ್ನೋ ಲೆಕ್ಕಾಚಾರಕ್ಕೆ ನಾವು ಕಡಿಮೆ ಅಂಕ ಕೊಡ್ತೀವಿ. 2007ರಲ್ಲಿ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ರಿಪಬ್ಲಿಕನ್ನರ ಪೈಕಿ ಮುಂದಿದ್ದವರು ನ್ಯೂಯಾರ್ಕ್ ನಗರದ ಮಾಜಿ ಮೇಯರ್ ಜುಲಿಯಾನಿ. 2008ರ ಜನವರಿ ಮುಗಿಯೋ ಹೊತ್ತಿಗೆ ಕಣದಲ್ಲೇ ಇರಲಿಲ್ಲ. ಸಮೀಕ್ಷೆಗಿಂತ ಹಣದ ವರದಿ ಹೆಚ್ಚು ಹೇಳುತ್ತೆ. ಕೇಂದ್ರ ಚುನಾವಣಾ ಆಯೋಗ, ಅಂದ್ರೆ ಎಫ್‌ಇಸಿಯ ಸೈಟ್‌ಗೆ ಹೋಗಿ ಅಭ್ಯರ್ಥಿಯ ಹೆಸರು ಹಾಕಿ, ಆ ಅವಧಿಯಲ್ಲಿ ಬಂದ ಹಣ, ಆದ ಖರ್ಚು, ಕೈಯಲ್ಲಿ ಉಳಿದ ನಗದು, ಸಾಲ, ಈ ನಾಲ್ಕು ಸಾಲು ನೋಡಿ. ಬರೋದಕ್ಕಿಂತ ಹೋಗೋದು ಜಾಸ್ತಿ ಇದ್ದು ಸಾಲವೂ ಏರ್ತಿದ್ದರೆ ನಿಮ್ಮ ರಾಜ್ಯದ ಸರದಿ ಬರೋವರೆಗೆ ಆ ಅಭ್ಯರ್ಥಿ ಉಳಿಯೋದು ಅನುಮಾನ.

ಮತಪತ್ರ ಬಂದ ದಿನವೇ ತುಂಬಿ ಅಂಚೆಗೆ ಹಾಕೋ ಶಿಸ್ತು ನವೆಂಬರ್‌ನ ಮುಖ್ಯ ಚುನಾವಣೆಗೆ ಸರಿ, ಪ್ರೈಮರಿಗೆ ಬೇಡ. 2020ರಲ್ಲಿ ಡೆಮಾಕ್ರಟಿಕ್ ಸ್ಪರ್ಧಿಗಳಾದ ಬುಟಿಜೆಜ್ ಮಾರ್ಚ್ 1ಕ್ಕೆ, ಕ್ಲೋಬಚರ್ 2ಕ್ಕೆ ಹಿಂದೆ ಸರಿದರು. ಮಾರನೇ ದಿನವೇ ಸೂಪರ್ ಟ್ಯೂಸ್‌ಡೇ, 14 ರಾಜ್ಯಗಳಲ್ಲಿ ಮತದಾನ. ಕ್ಯಾಲಿಫೋರ್ನಿಯಾ ಒಂದರಲ್ಲೇ ಬುಟಿಜೆಜ್ ಹೆಸರಿಗೆ ಸುಮಾರು ಎರಡೂವರೆ ಲಕ್ಷ ಮತ ಬಿದ್ದಿತ್ತು. ಹಿಂದೆ ಸರಿದವರ ಹೆಸರು ಮುದ್ರಣವಾದ ಮತಪತ್ರದಲ್ಲಿ ಹಾಗೇ ಉಳಿಯುತ್ತೆ, ಅದನ್ನ ನೋಡಿ ಇನ್ನೂ ಕಣದಲ್ಲಿದ್ದಾರೆ ಅಂದ್ಕೋಬೇಡಿ. ಹಾಗಾಗಿ ಎರಡನೇ ಆಯ್ಕೆ ಯಾರು ಅಂತಲೂ ಮೊದಲೇ ತೀರ್ಮಾನಿಸಿಡಿ. ಮತಪತ್ರ ಮನೆಯಲ್ಲೇ ಇರಲಿ, ಕೊನೆಯ ಒಂದೆರಡು ದಿನದಲ್ಲಿ ತುಂಬಿ ಅಂಚೆ ಬಿಟ್ಟು ಕೌಂಟಿಯ ಡ್ರಾಪ್ ಬಾಕ್ಸ್‌ಗೇ ಹಾಕಿ. ಆಗಲೇ ಕಳಿಸಿಬಿಟ್ಟಿದ್ದೀರಾ? ಮಿಷಿಗನ್‌ನಲ್ಲಿ ಗಡುವಿನೊಳಗೆ ಕ್ಲರ್ಕ್ ಕಚೇರಿಗೆ ಬರೆದುಕೊಟ್ಟು ಹಳೆಯದನ್ನ ರದ್ದು ಮಾಡಿಸಿ ಹೊಸ ಮತಪತ್ರ ಪಡೀಬಹುದು. ಕ್ಯಾಲಿಫೋರ್ನಿಯಾದಲ್ಲಿ ಕಳಿಸಿದ ಮೇಲೆ ಮುಗಿಯಿತು, ವಾಪಸ್ ಕೊಡಲ್ಲ.