ಬಿಸಿಲು ಹಿಡಿದವರ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜ್ಞಾನ ಕಥೆಗಳ ಮಾತು ಬಂದಾಗಲೆಲ್ಲ ನನ್ನ ವಯಸ್ಸಿನ ಗೆಳೆಯರು ಒಂದೇ ಲೆಕ್ಕ ಹಾಕುತ್ತಾರೆ. ಯಾವ ಲೇಖಕ ಯಾವ ಯಂತ್ರವನ್ನು ಎಷ್ಟು ವರ್ಷ ಮೊದಲೇ ಹೇಳಿದ್ದ, ಅದು ನಿಜವಾಯಿತೇ ಇಲ್ಲವೇ? ನಿಜವಾದರೆ ದೊಡ್ಡ ಕಥೆ, ಆಗದಿದ್ದರೆ ಬರೀ ಕಟ್ಟುಕತೆ. ನಾನು ಕಂಪ್ಯೂಟರ್ ಸೈನ್ಸ್ ಓದಿದವಳು. ಹೊಸ ಯಂತ್ರ ಕೈಗೆ ಸಿಕ್ಕರೆ ಅದರ ಒಳಗೇನಿದೆ ಎಂದು ನೋಡುವವರೆಗೆ ನನಗೆ ಸಮಾಧಾನವಿಲ್ಲ. ಆದರೂ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಯಂತ್ರ ಬಂದ ಮೇಲೆ ಅದರ ಪಕ್ಕದಲ್ಲಿ ಬದುಕುವವರು ಯಾರು, ಅವರ ದಿನಚರಿ ಏನಾಯಿತು, ಅದನ್ನು ನಡೆಸುವ ಅಧಿಕಾರ ಯಾರ ಕೈ ಸೇರಿತು? ಇಷ್ಟನ್ನು ಕಲ್ಪಿಸಿಕೊಂಡ ಕಥೆ ನನ್ನ ಮಟ್ಟಿಗೆ ಒಳ್ಳೆಯ ವಿಜ್ಞಾನ ಕಥೆ.

ಮುಂದಾಗುವುದನ್ನು ಹೇಳಿದವರ ಪಟ್ಟಿಯಲ್ಲಿ ಎಲ್ಲರೂ ಮೊದಲು ಎತ್ತುವ ಹೆಸರು ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಅವರದು. 1945ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಗೆ ಅವರೊಂದು ತಾಂತ್ರಿಕ ಲೇಖನ ಬರೆದರು. ಸಮಭಾಜಕ ವೃತ್ತದ ನೆತ್ತಿಯ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಭೂಮಿಯ ಜೊತೆಜೊತೆಗೇ ಸುತ್ತುತ್ತದೆ, ನೆಲದ ಮೇಲಿರುವವರಿಗೆ ಒಂದೇ ಕಡೆ ನಿಂತಂತೆ ತೋರುತ್ತದೆ. ಅಂಥ ಮೂರು ಇದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ರೇಡಿಯೋ, ಟೆಲಿವಿಷನ್ ಮುಟ್ಟಿಸಬಹುದು. ಇವತ್ತು ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ ಎಂಜಿನಿಯರುಗಳು ಹಗಲೂ ರಾತ್ರಿ ಕಾಯುತ್ತಿರುವುದು ಅದೇ ಕಕ್ಷೆಯಲ್ಲಿರುವ ಉಪಗ್ರಹಗಳನ್ನು.

ಕಕ್ಷೆಯ ಲೆಕ್ಕ ಸರಿಯಾಗಿತ್ತು. ಆದರೆ ಆ ನಿಲ್ದಾಣಗಳಲ್ಲಿ ಮನುಷ್ಯರು ಇದ್ದು ಕೆಲಸ ಮಾಡುತ್ತಾರೆ ಎಂದು ಕ್ಲಾರ್ಕ್ ಅಂದುಕೊಂಡಿದ್ದರು. ಆಗ ರೇಡಿಯೋ ಅಂದರೆ ಗಾಜಿನ ವಾಲ್ವುಗಳು, ಸುಟ್ಟುಹೋದವನ್ನು ಬದಲಿಸಲು ಜನ ಬೇಕೇ ಬೇಕು. ಎರಡೇ ವರ್ಷಕ್ಕೆ, 1947ರ ಡಿಸೆಂಬರ್‌ನಲ್ಲಿ, ವಾಲ್ವಿನ ಕೆಲಸವನ್ನೇ ಮಾಡುವ, ಅದರಂತೆ ಸುಟ್ಟುಹೋಗದ ಪುಟ್ಟ ಟ್ರಾನ್ಸಿಸ್ಟರ್ ಬಂತು. ಅಲ್ಲಿಗೆ ಮೇಲೆ ಜನ ಇರಬೇಕೆಂಬ ಅಗತ್ಯವೇ ಹೋಯಿತು. ಅಷ್ಟು ದೂರ ಕಂಡ ಕಣ್ಣಿಗೂ ಈ ಹತ್ತಿರದ ತಿರುವು ಕಾಣಲಿಲ್ಲ ಎಂದ ಮೇಲೆ, ಭವಿಷ್ಯ ಹೇಳುವುದನ್ನೇ ಕಥೆಯ ಯೋಗ್ಯತೆ ಎಂದು ಹೇಗೆ ಹಿಡಿಯುವುದು? ನನಗೆ ಅದಕ್ಕಿಂತ ಮುಖ್ಯ ಅನಿಸುವುದು 1975ರ ಆಗಸ್ಟ್ 1. ಅಂದು ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಭಾರತದ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಶುರುವಾಯಿತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಆಂಟೆನಾ ಹಿಡಿದು, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಯ ಜನ ಬೇಸಾಯದ, ಆರೋಗ್ಯದ ಮಾತುಗಳನ್ನು ಕನ್ನಡದಲ್ಲಿ ನೋಡಿದರು. ಒಂದು ವರ್ಷದ ಪ್ರಯೋಗ ಅದು, ಮುಗಿದ ಮೇಲೆ ಉಪಗ್ರಹ ಬೇರೆ ಕಡೆಗೆ ಹೋಯಿತು. ವರ್ಷವಿಡೀ ಬಂದ ಚಿತ್ರ ಒಂದು ದಿನ ನಿಂತಾಗ ಆ ಊರುಗಳಲ್ಲಿ ಏನನಿಸಿರಬೇಕು! ಒಂದು ಕಾದಂಬರಿಗೆ ಇದಕ್ಕಿಂತ ಏನು ಬೇಕು?

ಕೃತಕ ಬುದ್ಧಿಮತ್ತೆಯ ವಿಷಯದಲ್ಲೂ ನನ್ನ ತಕರಾರು ಇದೇ. ಸಿನಿಮಾಗಳಲ್ಲಿ ರೋಬೋಟ್ ಎದ್ದು ನಿಲ್ಲುತ್ತದೆ, ಒಡೆಯನ ಮೇಲೆ ತಿರುಗಿ ಬೀಳುತ್ತದೆ, ನಗರ ಹೊತ್ತಿ ಉರಿಯುತ್ತದೆ. ಆ ಯಂತ್ರಕ್ಕೆ ಮಾತು ಕಲಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕಂಪ್ಯೂಟರ್‌ಗೆ ಕನ್ನಡ ಅರ್ಥವಾಗಬೇಕಾದರೆ ಸಾವಿರಾರು ಗಂಟೆಗಳ ಕನ್ನಡ ದನಿ ಬೇಕು. ನಮ್ಮ ರಾಜ್ಯದ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲೇ ಕೂತು, ಮೊಬೈಲ್‌ನಲ್ಲಿ ಒಂದೊಂದೇ ವಾಕ್ಯ ಓದಿ, ದನಿ ಮುದ್ರಿಸಿ ಹಣ ಪಡೆದದ್ದಿದೆ. ಆ ದನಿ ನಾಳೆ ಯಾವ ಯಂತ್ರದೊಳಗೆ ಯಾರಿಗೆ ಉತ್ತರ ಕೊಡುತ್ತಿರುತ್ತದೆ? ಆ ತಾಯಿಯ ಮೊಮ್ಮಗಳು ಒಂದು ದಿನ ಅದನ್ನು ಕೇಳಿ ಗುರುತು ಹಿಡಿದರೆ? ತಿರುಗಿ ಬೀಳುವ ರೋಬೋಟಿಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ.

ಇನ್ನು ನನಗೆ ತುಂಬ ಪ್ರಿಯವಾದ ಕಥೆಯ ಬಗ್ಗೆ. ಬರೆದದ್ದು ಹಾಲಿವುಡ್ಡಿನವರಲ್ಲ, ವಿಜ್ಞಾನಿಯೂ ಅಲ್ಲ, ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಹೆಣ್ಣುಮಗಳು. ಬಂಗಾಳದ ರಂಗಪುರದ ಕಡೆಯ ರೊಕೆಯಾ ಸಖಾವತ್ ಹುಸೇನ್. ಹುಟ್ಟಿದ್ದು 1880ರಲ್ಲಿ. ಮನೆಯಲ್ಲಿ ಕಟ್ಟುನಿಟ್ಟಿನ ಪರ್ದಾ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣ ಮೇಣದ ಬತ್ತಿ ಹಚ್ಚಿ ಇಂಗ್ಲಿಷ್ ಹೇಳಿಕೊಟ್ಟ. ಆ ಇಂಗ್ಲಿಷಿನಲ್ಲೇ ಅವರು ‘ಸುಲ್ತಾನಾಳ ಕನಸು’ ಬರೆದರು. 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಅದನ್ನು ಅಚ್ಚು ಹಾಕಿತು.

ಕಥೆ ಚಿಕ್ಕದು. ಆರಾಮ ಕುರ್ಚಿಯಲ್ಲಿ ಜೊಂಪು ಹತ್ತಿದ ಸುಲ್ತಾನಾ ಕಣ್ಣು ಬಿಟ್ಟಾಗ ಹೆಂಗಸರ ನಾಡಿನಲ್ಲಿರುತ್ತಾಳೆ. ಬೀದಿಯಲ್ಲಿ ಒಬ್ಬ ಗಂಡಸೂ ಇಲ್ಲ, ಅವರೆಲ್ಲ ಮನೆಯೊಳಗೆ ಅಡುಗೆ ಮಾಡುತ್ತ, ಮಕ್ಕಳನ್ನು ನೋಡಿಕೊಳ್ಳುತ್ತ ಇದ್ದಾರೆ. ಅಡುಗೆಮನೆಗೆ ಹೋದರೆ ಇದ್ದಿಲಿಲ್ಲ, ಹೊಗೆಯಿಲ್ಲ, ಸೂರ್ಯನ ಶಾಖದಲ್ಲೇ ಅಡುಗೆ. ಆ ನಾಡಿನಲ್ಲಿ ಎರಡು ಮಹಿಳಾ ವಿಶ್ವವಿದ್ಯಾಲಯಗಳು. ಒಂದು ಮೋಡದಿಂದ ನೀರಿಳಿಸುವ ಬಲೂನು ಕಂಡುಹಿಡಿದಿದೆ, ಇನ್ನೊಂದು ಬಿಸಿಲಿನ ಶಾಖ ಹಿಡಿದು ಕೂಡಿಡುವ ಯಂತ್ರ. ಅದನ್ನು ಕಂಡುಹಿಡಿಯುವಾಗ ಗಂಡಸರು ಸೈನ್ಯ ಬೆಳೆಸುವುದರಲ್ಲಿ ಮುಳುಗಿದ್ದರು, ಇದೊಂದು ಭಾವುಕ ದುಃಸ್ವಪ್ನ ಎಂದು ತಳ್ಳಿಹಾಕಿದ್ದರು. ಶತ್ರು ಮೇಲೆ ಬಿದ್ದಾಗ ಆ ಸೈನ್ಯ ಸೋತಿತು. ಕೊನೆಗೆ ವಿದ್ಯಾರ್ಥಿನಿಯರೇ ಯಂತ್ರಗಳನ್ನು ಗಡಿಗೆ ಒಯ್ದು, ಕೂಡಿಟ್ಟ ಬಿಸಿಲನ್ನು ಶತ್ರುಗಳ ಕಡೆ ತಿರುಗಿಸಿ ನಾಡು ಉಳಿಸಿದರು.

ಗಂಡಸರನ್ನು ಒಳಗೆ ಕೂರಿಸಿದ್ದು ನ್ಯಾಯವೇ ಎಂದು ಇದನ್ನು ಓದಿದವರು ಕೇಳುತ್ತಾರೆ. ಆ ಪ್ರಶ್ನೆ ಬಾಯಿಗೆ ಬಂದ ಕೂಡಲೇ, ಹೆಂಗಸರನ್ನು ಕೂರಿಸಿದ್ದು ನ್ಯಾಯವೇ ಎಂಬುದೂ ಹಿಂದೆಯೇ ಬಂದು ನಿಲ್ಲುತ್ತದೆ. ರೊಕೆಯಾರ ಜಾಣತನ ಅದು. ಸೂರ್ಯಶಕ್ತಿಯನ್ನು ಅವರು ಅಡುಗೆಮನೆಯಿಂದ ನೋಡಿದರು. ಕಣ್ಣುರಿ, ಕೆಮ್ಮು, ದಿನವಿಡೀ ಒಲೆಯ ಮುಂದೆ ಕಳೆದ ಆಯುಷ್ಯ ಇವೆಲ್ಲ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ತಂತ್ರಜ್ಞಾನ ಅದು. ಮುಂದೆ ಅವರೇ ಭಾಗಲ್ಪುರದಲ್ಲಿ, ಆಮೇಲೆ 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಕಥೆಯಲ್ಲಿ ವಿಶ್ವವಿದ್ಯಾಲಯ ಕಟ್ಟಿದವರು ನೆಲದ ಮೇಲೆ ಶಾಲೆ ಕಟ್ಟಿದರು.

ರೊಕೆಯಾರ ಕಥೆ ಅಚ್ಚಾದ 1905ರಲ್ಲೇ ಐನ್‌ಸ್ಟೈನ್ ಬೆಳಕು ಚಿಕ್ಕ ಚಿಕ್ಕ ಶಕ್ತಿಯ ಕಂತೆಗಳಾಗಿ ಬರುತ್ತದೆ ಎಂದು ಬರೆದರು. ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುವ, ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶ ಬಂದದ್ದು 1954ರಲ್ಲಿ. ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲನ್ನು ಅದು ವಿದ್ಯುತ್ ಮಾಡುತ್ತಿತ್ತು. ಈಗ ಮಾರುಕಟ್ಟೆಯ ಪ್ಯಾನೆಲ್‌ಗಳು ಇಪ್ಪತ್ತು ಪಾಲು ದಾಟಿವೆ.

ಆ ಪ್ಯಾನೆಲ್‌ಗಳು ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಕಣ್ಣು ಹಾಯುವಷ್ಟು ದೂರ ನಿಂತಿವೆ. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಬರಕ್ಕೆ ಹೆಸರಾದ ತಾಲ್ಲೂಕು, ಕಡಲೆಕಾಯಿ ಹಾಕಿ ಆಕಾಶ ನೋಡುತ್ತಿದ್ದ ಜನ. ಅವರ ಜಮೀನನ್ನು ಸರ್ಕಾರ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ 28 ವರ್ಷದ ಗುತ್ತಿಗೆಗೆ ಪಡೆಯಿತು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಇದು ಒಳ್ಳೆಯ ಯೋಚನೆ ಎಂದು ನಾನು ನಂಬುತ್ತೇನೆ, ಭೂಸ್ವಾಧೀನದ ಕಣ್ಣೀರು ಕಂಡ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಗುತ್ತಿಗೆ ಹಣ ಬರುವುದು ಪಹಣಿ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತ, ಕಡಲೆಕಾಯಿ ಬಿಡಿಸುತ್ತ ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ ಪಹಣಿಯೇ ಇಲ್ಲ. ಕೆಲವರಿಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಸಿಕ್ಕಿತು, ಅನೇಕರಿಗೆ ಅದೂ ಇಲ್ಲ. ಕುರಿ ಮೇಯಿಸುವವರು ಬೇಲಿ ಸುತ್ತಿಕೊಂಡು ದೂರ ನಡೆಯಬೇಕಾಯಿತು. ರೊಕೆಯಾ ಒಲೆಯ ಮುಂದೆ ಕೂತವಳಿಂದ ಶುರು ಮಾಡಿದ್ದರು. ನಮ್ಮ ಯೋಜನೆಗಳು ಮೆಗಾವ್ಯಾಟ್‌ನಿಂದ ಶುರುವಾಗುತ್ತವೆ, ಅವಳು ಕೊನೆಯ ಪುಟದಲ್ಲೂ ಬರುವುದಿಲ್ಲ.

ಕೂಡಿಡುವ ಯಂತ್ರದ ವಿಷಯವೂ ಹೀಗೇ. ಸಂಜೆ ಮನೆಮನೆಯ ದೀಪ ಹೊತ್ತುವ ಹೊತ್ತಿಗೆ ಪಾವಗಡ ಸುಮ್ಮನಾಗಿರುತ್ತದೆ. ಹಗಲಿನ ವಿದ್ಯುತ್ ಉಳಿಸಿಡಬೇಕು. ಶರಾವತಿ ಕಣಿವೆಯಲ್ಲಿ ಕೆಳಗಿನ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸುವ 2,000 ಮೆಗಾವ್ಯಾಟ್ ಯೋಜನೆ ಬಂದಿರುವುದು ಅದಕ್ಕೇ. ಅಲ್ಲಿರುವುದು ಸಿಂಗಳೀಕಗಳ ಕಾಡು. ಎಂಜಿನಿಯರಿಂಗ್ ಚೆನ್ನಾಗಿದೆ, ಅಷ್ಟು ಮಾತ್ರಕ್ಕೆ ಆ ಕಾಡನ್ನು ಕೊಡಲು ನಾನು ಸಿದ್ಧಳಿಲ್ಲ. ರೈತರ ಪಂಪ್‌ಸೆಟ್ಟುಗಳಿಗೆ ಹಗಲೇ ಸೋಲಾರ್ ಕರೆಂಟು ಕೊಡುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ನಡುರಾತ್ರಿ ತ್ರೀ ಫೇಸ್ ಬಂತೆಂದು ಎದ್ದು, ಟಾರ್ಚು ಹಿಡಿದು, ಹಾವಿನ ಭಯದಲ್ಲಿ ಮೋಟಾರು ಹಾಕಲು ಹೋಗುವುದು ತಪ್ಪಿದರೆ ಸಾಕು, ಬಿಸಿಲು ಹಿಡಿದದ್ದು ಸಾರ್ಥಕ.

ಪಾವಗಡದ ಗುತ್ತಿಗೆ 2040ರ ದಶಕದಲ್ಲಿ ಮುಗಿಯುತ್ತದೆ. ನನಗೆ ಓದಬೇಕೆನಿಸುವ ವಿಜ್ಞಾನ ಕಥೆ ಅಂದಿನ ಬೆಳಗಿನದು. ಬದುಗಳಿಲ್ಲದ, ಒಂದೇ ಸಮ ಮಾಡಿದ ಭೂಮಿಯಲ್ಲಿ ತಾತನ ಹೊಲ ಯಾವುದೆಂದು ಮೊಮ್ಮಕ್ಕಳು ಹೇಗೆ ಹುಡುಕುತ್ತಾರೆ? ನೆರಳಿನಲ್ಲಿ ಅಷ್ಟು ವರ್ಷ ಮಲಗಿದ ಮಣ್ಣು ಮತ್ತೆ ಕಡಲೆಕಾಯಿ ಬೆಳೆಯುತ್ತದೆಯೇ? ಹಳೆಯ ಪ್ಯಾನೆಲ್‌ಗಳ ರಾಶಿಯನ್ನು ಯಾರು ಎತ್ತುತ್ತಾರೆ? ಅವನ್ನು ತೊಳೆದು ಕೈ ಸವೆಸಿದ ಅಜ್ಜಿಗೆ ಆ ಜಮೀನಿನಲ್ಲಿ ಪಾಲು ಕೇಳುವ ಧೈರ್ಯ ಬಂದಿರುತ್ತದೆಯೇ? ಈ ಕಥೆಗೆ ದುಬಾರಿ ಗ್ರಾಫಿಕ್ಸ್ ಬೇಡ. ರೇಡಿಯೋ ನಾಟಕವಾಗಿ ಚೆನ್ನಾಗಿ ನಿಲ್ಲುತ್ತದೆ, ಗಾಳಿ, ಕುರಿಗಂಟೆ, ಇನ್ವರ್ಟರಿನ ಗುಂಯ್‌ಗುಡುವಿಕೆ ಮತ್ತು ನಾಲ್ಕು ದನಿ ಇದ್ದರಾಯಿತು. ಪಾವಗಡ, ಮಧುಗಿರಿ, ಶಿರಾ ಕಡೆಯ ಕಾಲೇಜುಗಳಲ್ಲಿ ಓದುತ್ತ ಇದನ್ನು ಕೇಳುತ್ತಿರುವವರು ಯಾರಾದರೂ ಇದ್ದರೆ, ಅದನ್ನು ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ.

ನಮಸ್ಕಾರ.