ಜಗಲಿಯ ಮೇಲೆ ಕೋಡಿಂಗ್

ಶಿವಮೊಗ್ಗದ ಶಿಕ್ಷಕ ಮಿತ್ರರೇ, ಪೋಷಕರೇ,

ಐದು ವರ್ಷದ ಮಗುವಿಗೆ ಕೋಡಿಂಗ್, ಅಂದರೆ ಯಂತ್ರಕ್ಕೆ ಸಾಲಾಗಿ ಆಜ್ಞೆ ಕೊಡುವ ವಿದ್ಯೆ, ಬೇಕೇ? ಕಂಪ್ಯೂಟರ್ ಮುಂದೆ ಕೂರಿಸುವುದಾದರೆ ಬೇಡ ಎನ್ನುವವನು ನಾನು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗ್ ಚಟುವಟಿಕೆಗಳ ಮಾತೆತ್ತಿರುವುದು ಆರನೇ ತರಗತಿಯಿಂದ ಮುಂದಿನವರಿಗೆ. ಮಗು ಹಿಂದೆ ಬಿದ್ದೀತು ಎಂದು ಹೆದರಿಸಿ ಶುಲ್ಕ ಕೀಳುವವರಿಗೆ ಕಿವಿಗೊಡಬೇಡಿ. ಆದರೆ ನೆಲದ ಮೇಲೆ ಓಡಾಡುವ ಪುಟ್ಟ ರೋಬೋಟ್ ವಿಚಾರ ಬೇರೆ.

ಬೀ-ಬಾಟ್ ಎಂಬ ಆಟಿಕೆಯನ್ನೇ ನೋಡಿ. ಜೇನುನೊಣದ ಆಕಾರ, ಬೆನ್ನ ಮೇಲೆ ನಾಲ್ಕು ಬಾಣದ ಗುಂಡಿಗಳು. ಒಮ್ಮೆ ಒತ್ತಿದರೆ 15 ಸೆಂಟಿಮೀಟರ್ ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ. ಪಕ್ಕದ ಬಾಣ ಒತ್ತಿದರೆ ಇದ್ದ ಜಾಗದಲ್ಲೇ 90 ಡಿಗ್ರಿ ತಿರುಗುತ್ತದೆ. ಆಜ್ಞೆಗಳನ್ನು ಸಾಲಾಗಿ ಒತ್ತಿ, ಕೊನೆಗೆ ‘ಗೋ’ ಒತ್ತಬೇಕು.

ಈಗ ಜಗಲಿಯ ಮೇಲೆ ಸೀಮೆಸುಣ್ಣದಿಂದ ಅದೇ ಅಳತೆಯ ಚೌಕಗಳನ್ನು ಎಳೆಯಿರಿ. ಒಂದರಲ್ಲಿ ಮನೆ, ಒಂದರಲ್ಲಿ ತೋಟ, ನಡುವೆ ಹಳ್ಳ, ಅದಕ್ಕೊಂದು ಕಾಲುಸಂಕ, ಆಚೆ ಶಾಲೆ. ಸಂಕ ಬಿಟ್ಟು ಬೇರೆಲ್ಲೂ ಹಳ್ಳ ದಾಟುವಂತಿಲ್ಲ. ಮಗು ಎರಡು ಸಲ ಮುಂದೆ, ಒಮ್ಮೆ ಬಲಕ್ಕೆ ಒತ್ತಿ, ರೋಬೋಟ್ ಬಲಗಡೆಯ ಚೌಕಕ್ಕೆ ಹೋಗುವುದನ್ನು ಕಾಯುತ್ತದೆ. ಅದು ಮುಖ ತಿರುಗಿಸಿ ಸುಮ್ಮನೆ ನಿಲ್ಲುತ್ತದೆ. ‘ಇದು ಹಾಳಾಗಿದೆ’ ಎಂಬ ತೀರ್ಪು ಬರುತ್ತದೆ. ದಯವಿಟ್ಟು ಆಗ ಬಾಯಿ ಹಾಕಬೇಡಿ! ತಿರುಗಿದ ಮೇಲೆ ಮತ್ತೆ ಮುಂದೆ ಒತ್ತಬೇಕೆಂಬುದು ಮಕ್ಕಳಿಗೇ ಹೊಳೆಯಲಿ. ಹೊಳೆದು ಒತ್ತಿದರೂ ರೋಬೋಟ್ ಹಳ್ಳಕ್ಕೆ ಬೀಳಬಹುದು. ಹಳೆಯ ಆಜ್ಞೆಗಳನ್ನು ಅಳಿಸದಿದ್ದರೆ ಅದು ಮೊದಲು ಅವನ್ನೇ ನಡೆಸಿ, ಆಮೇಲೆ ಹೊಸದಕ್ಕೆ ಬರುತ್ತದೆ.

ಇನ್ನೊಂದು ತೊಡಕು, ನನಗೆ ಬಲು ಪ್ರಿಯವಾದದ್ದು. ರೋಬೋಟ್ ಮಗುವಿಗೆ ಎದುರಾಗಿ ನಿಂತಾಗ ಅದರ ಬಲ ಮಗುವಿನ ಎಡ. ಆಗ ಮಕ್ಕಳು ತಾವಾಗಿಯೇ ಎದ್ದು ಅದರ ಹಿಂದೆ ಹೋಗಿ ನಿಂತು, ಮೈ ತಿರುಗಿಸಿ ನೋಡುತ್ತಾರೆ. 1967ರಲ್ಲಿ ಸಂಗಡಿಗರೊಂದಿಗೆ ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದ ಗಣಿತಜ್ಞ ಸೆಮೋರ್ ಪ್ಯಾಪರ್ಟ್ ನೆಚ್ಚಿಕೊಂಡಿದ್ದು ಇದನ್ನೇ: ತನ್ನ ಮೈ ಚಲಿಸುವ ಬಗೆ ಮಗುವಿಗೆ ಗೊತ್ತು, ಜ್ಯಾಮಿತಿಗೆ ಅದೇ ಬುನಾದಿ. ಲೋಗೋದ ಆಜ್ಞೆಯಂತೆ ಚಲಿಸುವ ‘ಆಮೆ’ ಮೊದಮೊದಲು ನೆಲದ ಮೇಲೆ ಓಡುವ ಯಂತ್ರವೂ ಆಗಿತ್ತು. ಆದರೆ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಅಕ್ಷರ ಬಾರದ ಮಕ್ಕಳ ಗತಿ? 1970ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ರೇಡಿಯಾ ಪರ್ಲ್‌ಮನ್ ಅದಕ್ಕೆ ಗುಂಡಿಗಳ ಪೆಟ್ಟಿಗೆಯನ್ನೂ ಕಾರ್ಡು ತೂರಿಸುವ ಯಂತ್ರವನ್ನೂ ಮಾಡಿದರು. ಮುಂದೆ ಕಂಪ್ಯೂಟರ್ ಜಾಲಗಳ ಕ್ಷೇತ್ರದಲ್ಲಿ ದೊಡ್ಡ ಹೆಸರಾದವರೂ ಅವರೇ. ಇಂದಿನ ಆಟಿಕೆಗಳು ಆ ವಂಶದವು.

ಆಟಿಕೆ ಕೊಳ್ಳಲು ಹಣವಿಲ್ಲವೇ? ಒಂದು ಮಗುವೇ ರೋಬೋಟ್ ಆಗಲಿ, ಚೌಕ ದೊಡ್ಡದಿರಲಿ. ಷರತ್ತೊಂದೇ: ಹೇಳಿದಷ್ಟನ್ನೇ ಮಾಡಬೇಕು, ಊಹಿಸಿ ನಡೆಯಬಾರದು. ಇದು ಮಕ್ಕಳಿಗೆ ಯಂತ್ರಕ್ಕಿಂತ ಕಷ್ಟ, ನಗುವಿಗೂ ಬರವಿಲ್ಲ.

ಕೊಂಡರೆ, ಮೂವರಿಗೆ ಒಂದು ಸಾಕು. ಒಬ್ಬರು ದಾರಿ ಹೇಳಲಿ, ಒಬ್ಬರು ಒತ್ತಲಿ, ಇನ್ನೊಬ್ಬರು ಬಾಣಗಳನ್ನು ಸ್ಲೇಟಿನಲ್ಲಿ ಬರೆದಿಡಲಿ. ತಪ್ಪಿದ್ದೆಲ್ಲಿ ಎಂದು ಹುಡುಕಲು ಆ ಸ್ಲೇಟು ಬೇಕೇ ಬೇಕು. ನೆಲ ಉಬ್ಬುತಗ್ಗಾಗಿದ್ದರೆ ಚಕ್ರ ಜಾರಿ ಲೆಕ್ಕ ತಪ್ಪುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರನ್ನು ಮಗುಚಿ ಬಿಗಿಯಾಗಿ ಹಾಸಿ, ಅದರ ಬಿಳಿ ಬೆನ್ನಿನ ಮೇಲೆ ಚೌಕ ಎಳೆಯಿರಿ. ಚುನಾವಣೆ ಮುಗಿದ ಮೇಲೆ ಫ್ಲೆಕ್ಸಿಗೇನು ಕೊರತೆಯೇ?